ಹಳೆಯ ಲ್ಯಾಪ್‌ಟಾಪ್ ಹೊತ್ತ ಅಪವಾದ

ಬಳ್ಳಾರಿಯ ಜೀನ್ಸ್ ಪ್ಯಾಂಟು ತೊಟ್ಟವರಿಗೆ ದಸ್ತಗೀರಸಾಬ್ ಯಾರೆಂದು ಗೊತ್ತಿರುವುದಿಲ್ಲ. ಆದರೂ ಅವನ ಕೆಲಸದ ಮೇಲೆಯೇ ಅವರು ದಿನಾ ಕೂರುತ್ತಾರೆ. ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ಹಕ್ಕಿಯ ರೆಕ್ಕೆಯಂಥದೋ ಅಲೆಯಂಥದೋ ದಾರದ ಕಸೂತಿ ಇರುತ್ತದಲ್ಲ, ಅದರ ಡಿಸೈನು ಅವನದು. ಮನೆಯಲ್ಲೇ ಕೂತು, ಒಂದೊಂದು ಹೊಲಿಗೆ ಎಲ್ಲಿ ಬೀಳಬೇಕೆಂದು ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿ, ಪೆನ್‌ಡ್ರೈವಿಗೆ ತುಂಬಿ ಕೊಟ್ಟರೆ ಸಾಕು. ದೊಡ್ಡಬಸವರಾಜನ ಕಾರ್ಖಾನೆಯ ಯಂತ್ರಗಳು ಅವನು ಹೇಳಿದ ಹಾಗೇ ಹೊಲಿಯುತ್ತವೆ.

ಅಪ್ಪ ಸಿರುಗುಪ್ಪ ಕಡೆಯ ಕರೂರಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಮಗ ಸೂಜಿ ಮುಟ್ಟದೆ ಹೊಲಿಗೆಯಲ್ಲೇ ಅನ್ನ ಕಂಡುಕೊಂಡ. ಅದಕ್ಕಾಗಿ ಅವನಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟೂ ಇರದಿದ್ದರೆ ಹೇಗೆ?

ಈ ವರ್ಷ ಬೇಸಿಗೆ ಕಳೆಯುವ ಹೊತ್ತಿಗೆ ಆ ಜಂಬಕ್ಕೆ ಪೆಟ್ಟು ಬಿತ್ತು. ಅವನ ಡಿಸೈನಿನಲ್ಲಿ ಪಕ್ಕಪಕ್ಕಕ್ಕೆ ಸಾಗಬೇಕಾದ ಹೊಲಿಗೆಗಳು ಒಂದರ ಮೇಲೊಂದು ಕೂತವು. ಯಂತ್ರದ ಸೂಜಿಗಳು ಮುರಿದವು, ಜೇಬುಗಳು ಗಂಟುಗಂಟಾದವು. ದೊಡ್ಡಬಸವರಾಜ ಕೆಟ್ಟುಹೋದ ಜೇಬುಗಳನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೇ ಬಂದ.

"ಏನ್ ಸಾಬ್ರ ಇದು? ನಿಮ್ಮ ಕೈಯಾಗ ಇಂಥಾ ಕೆಲಸ ಯಾವತ್ತೂ ಬಂದಿದ್ದಿಲ್ಲ."

"ಲ್ಯಾಪ್‌ಟಾಪ್ ಹಳೇದಾತ್ರಿ ಧಣಿ. ಸ್ಕ್ರೀನ್ ಪೂರಾ ಮಂಜಾಗೈತಿ."

ಲ್ಯಾಪ್‌ಟಾಪು ಹಳೆಯದೆಂಬುದು ಸುಳ್ಳಲ್ಲ. ಅದರ ಪರದೆ ತಾನಾಗಿ ನಿಲ್ಲದೆ ಗೋಡೆಗೆ ಒರಗಿಕೊಂಡಿರುತ್ತಿತ್ತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಆದರೆ ತಪ್ಪು ಅದರದ್ದಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಮ್ಮ ದಸ್ತಗೀರಸಾಬ್ ಆ ಮೂಕ ಯಂತ್ರದ ಮೇಲೆ ಅಪವಾದ ಹೊರಿಸಿದ್ದ.

ಕೆಟ್ಟದ್ದು ಅವನ ಕಣ್ಣು. ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ನೋಡಿದರೆ ನಟ್ಟನಡುವಿನ ತಾರೀಖು ಕಾಣುತ್ತಿರಲಿಲ್ಲ, ಸುತ್ತಲಿನವು ಕಾಣುತ್ತಿದ್ದವು. ಬಾಗಿಲ ಚೌಕಟ್ಟು ನಡುವೆ ಸೊಟ್ಟಗಾಗುತ್ತಿತ್ತು. ಕನ್ನಡಕ ಒರೆಸಿದ್ದೇ ಒರೆಸಿದ್ದು, ಆ ಮಸುಕು ಅಳಿಯಲಿಲ್ಲ. ಸಕ್ಕರೆ ಕಾಯಿಲೆ ಇತ್ತು, ಅಪ್ಪನಿಗೂ ಇತ್ತು. ಕಣ್ಣು ಹೋದ ಮೇಲೆ ಅಪ್ಪ ಕರೂರಿನ ಕಟ್ಟೆಯ ಮೇಲೆ ಕೂತು, ಬಂದವರ ಕೈ ಹಿಡಿದು "ಯಾರಪಾ ನೀನು?" ಎಂದು ಕೇಳುತ್ತಿದ್ದುದನ್ನು ಅವನು ನೋಡಿದ್ದ. ಡಾಕ್ಟರು ಅದನ್ನೇ ಬಾಯಿಬಿಟ್ಟು ಹೇಳಿಬಿಟ್ಟರೆ ಎಂಬ ಹೆದರಿಕೆಗೆ ಆಸ್ಪತ್ರೆಯ ಬೀದಿಯನ್ನೇ ತುಳಿಯಲಿಲ್ಲ. ಹಳೆಯ ಲ್ಯಾಪ್‌ಟಾಪು ಇರುವವರೆಗೆ ಅವನು ಕಸಬುದಾರ. ಹೊಸದು ಬಂದ ದಿನ ಕುರುಡ. ಇಷ್ಟೇ ಅವನ ಲೆಕ್ಕ.

ದೊಡ್ಡಬಸವರಾಜ ಒಳ್ಳೆಯವನು. "ಹೊಸಾದು ತಗೊಳ್ರಿ, ನಾನೂ ಕೈ ಹಾಕ್ತೀನಿ" ಎಂದ. ಹುಟ್ಟಿದಾಗಿನಿಂದ ಪಂಚಾಂಗದ ಮುಖ ನೋಡದ ಸಾಬ್ ಅಂದು ಪುರೋಹಿತನೇ ಆಗಿಬಿಟ್ಟ. "ಆಷಾಢದಾಗ ಹೊಸಾ ವಸ್ತು ಬ್ಯಾಡ್ರಿ ಧಣಿ, ನಿಮಗ ಆಗಿಬರಂಗಿಲ್ಲ." ಆಷಾಢ ಮುಗಿಯುತ್ತ ಬಂದಾಗ ಅಮಾವಾಸ್ಯೆಯ ನೆಪ ಹೇಳಿದ. ಶ್ರಾವಣ ಬಂದ ಮೇಲೆ ಹೇಳಲು ಏನೂ ಉಳಿಯದೆ, ಅಕ್ಕನನ್ನು ಮಾತಾಡಿಸಿ ಬರುತ್ತೇನೆಂದು ಸಿರುಗುಪ್ಪ ಬಸ್ಸು ಹತ್ತಿ ಕರೂರಿಗೆ ಹೋಗಿಬಿಟ್ಟ.

ತಿರುಗಿ ಬಂದಾಗ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪು ಮಿರಮಿರ ಮಿಂಚುತ್ತಿತ್ತು. ಹೆಂಡತಿ ಕುಲ್ಸುಂಬೀ ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದಳು. ಒಬ್ಬಳೇ ಹೋಗಿ ಕೊಂಡು, ಹಳೆಯದನ್ನು ಅಂಗಡಿಯವನಿಗೇ ಕೊಟ್ಟುಬಂದಿದ್ದಳು.

"ಪಾಪ, ಆ ಡಬ್ಬಿ ಮುಂದ ಕುಂತು ಎಷ್ಟಂತ ಒದ್ದಾಡ್ತೀರಿ? ಈಗ ನೋಡ್ರಿ, ಕನ್ನಡಿ ಇದ್ದಂಗ ಐತಿ."

ಅವನು ಕುರ್ಚಿ ಎಳೆದುಕೊಂಡ. ಕೂತ, ನೋಡಿದ. ಪರದೆ ಬೆಳ್ಳಗೆ ಬೆಳಗುತ್ತಿತ್ತು. ನಡುವೆ ಅದೇ ಮಸುಕು.

"ಇದೂ ಸರಿ ಇಲ್ಲ" ಎಂದುಬಿಟ್ಟ. "ಸ್ಕ್ರೀನ್ ನಡುವ ಕಲೆ ಐತಿ."

ಬಾಯಿಂದ ಬಿದ್ದ ಮಾತು ಎಲ್ಲಿಗೆ ಹೋಗಿ ಮುಟ್ಟೀತೆಂದು ಅವನು ಯೋಚಿಸಿರಲಿಲ್ಲ. ಮರುದಿನ ಬೆಳಿಗ್ಗೆ ಕುಲ್ಸುಂಬೀ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಗೆ ಹೊರಟಳು. ಬೇಡವೆಂದರೆ ಯಾಕೆ ಎಂದು ಕೇಳುತ್ತಾಳೆ. ಅವನು ಚಪ್ಪಲಿ ಮೆಟ್ಟಿ ಹಿಂದೆ ನಡೆದ.

ಅಂಗಡಿಯ ಮಾರೇಶ ಕುರುಗೋಡಿನವನು, ಬಳ್ಳಾರಿಗೆ ಬಂದು ಹೊಸದಾಗಿ ವ್ಯಾಪಾರ ಇಟ್ಟಿದ್ದ. ಪರದೆಯನ್ನು ಹಿಂದೆ ಮುಂದೆ ಹೊರಳಿಸಿ ನೋಡಿದ.

"ಎಲ್ಲೈತಮ್ಮಾ ಕಲೆ? ನನಗೇನೂ ಕಾಣವಲ್ದು."

"ನಿನಗೆಲ್ಲಿಂದ ಕಾಣಬೇಕಪಾ? ದಾರ ದೂರದಾಗ ಹಿಡಿದ್ರ ಅದು ಯಾವ ಬಣ್ಣದ ಎಷ್ಟನೇ ನಂಬರು ಅಂತ ಹೇಳೋ ಕಣ್ಣು ನನ್ನ ಗಂಡಂದು! ಅಂಥವರು ಐತಿ ಅಂದ್ರ ಐತಿ. ಹೆಂಗಸು ಒಬ್ಬಾಕಿ ಬಂದಾಳಂತ ಕೆಟ್ಟ ಮಾಲು ಕಟ್ಟಿ ಕಳಿಸೀಯೇನು?"

ಅಂಗಡಿಗೆ ಬಂದಿದ್ದ ಗಿರಾಕಿಗಳು ಇಣುಕಿ ನೋಡಿದರು. ಅವರಿಗೂ ಕಲೆ ಕಾಣಲಿಲ್ಲ. ಕುಲ್ಸುಂಬೀ ಅವರ ಕಡೆಗೇ ತಿರುಗಿದಳು. "ಇಲ್ಲಿ ತಗೋಬ್ಯಾಡ್ರಿ, ಮೋಸ ಐತಿ!" ಮಗಳಿಗೆಂದು ಒಂದನ್ನು ಆರಿಸಿ ಇಟ್ಟಿದ್ದ ತಂದೆಯೊಬ್ಬ ಮೆಲ್ಲಗೆ ಹೊರಗೆ ಜಾರಿದ. ಮಾರೇಶ ಗಲ್ಲಾ ಬಿಟ್ಟು ಈಚೆ ಬಂದ.

"ಅಮ್ಮಾ, ಈಗಷ್ಟ ಅಂಗಡಿ ಇಟ್ಟೀನಿ. ಹೆಸರು ಕೆಡಿಸಬ್ಯಾಡ್ರಿ, ಕೈ ಮುಗೀತೀನಿ. ಸಾಬ್ರ, ನೀವಾದ್ರೂ ಬರ್ರಿ, ಎಲ್ಲಿ ಅಂತ ಬೆರಳಿಟ್ಟು ತೋರಿಸ್ರಿ."

"ತೋರಿಸ್ರೀ!" ಎಂದಳು ಕುಲ್ಸುಂಬೀ. ಆ ದನಿಯಲ್ಲಿ ಎಷ್ಟು ಅಭಿಮಾನವಿತ್ತೆಂದರೆ, ದಸ್ತಗೀರಸಾಬನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವನು ಪರದೆಯ ಎಡಕ್ಕೆ ಬೆರಳಿಟ್ಟ, ಬಲಕ್ಕೆ ಇಟ್ಟ. ಕಣ್ಣು ಹೋದ ಕಡೆಗೆಲ್ಲ ಕಲೆಯೂ ಹೋಯಿತು. ಕೊನೆಗೆ ಬೆರಳನ್ನು ತನ್ನ ಕನ್ನಡಕದ ಗಾಜಿನ ಮೇಲೆ ಇಟ್ಟುಕೊಂಡ.

"ಇಲ್ಲೈತಿ ಕುಲ್ಸುಂ. ಹುಡುಗಂದೇನೂ ತಪ್ಪಿಲ್ಲ. ಹಳೇ ಲ್ಯಾಪ್‌ಟಾಪಿಂದೂ ಇದ್ದಿದ್ದಿಲ್ಲ. ಕಣ್ಣು ನನ್ನವ ಹೋಗ್ಯಾವ."

ಕುಲ್ಸುಂಬೀ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

"ಯಾವಾಗಿಂದ?"

"ರಂಜಾನಿನಾಗಿಂದ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಖರೇ ಆಗತೈತಿ ಅನ್ನಿಸ್ತು."

ಅವಳು ಬಂದು ಅವನ ಮುಂದೆ ನಿಂತಳು. "ನನ್ನ ಮುಖ ಕಾಣತೈತೇನ್ರಿ?"

ನೆಟ್ಟಗೆ ನೋಡಿದರೆ ಸೆರಗಿನ ಅಂಚೂ ಗದ್ದದ ಕೆಳಗಿನ ಸರವೂ ಕಂಡವು; ನಡುವೆ ಮಸುಕು. ಅವನಿಗೆ ಆ ಮುಖ ಬೇಕಿತ್ತು. ಕಣ್ಣನ್ನು ಅವಳ ಭುಜದಾಚೆಗೆ ಹೊರಳಿಸಿದ. ಆಗ ಓರೆಯಲ್ಲಿ ಅವಳು ಕಂಡಳು, ತುಂಬಿಬಂದ ಕಣ್ಣುಗಳ ಸಮೇತ.

"ಕಾಣತೈತಿ" ಎಂದ.

ಕುಲ್ಸುಂಬೀ, ಅವನು ಯಾರನ್ನು ನೋಡುತ್ತಿದ್ದಾನೆಂದು ಹಿಂದಕ್ಕೆ ತಿರುಗಿ ನೋಡಿದಳು.