ಬ್ಯಾನರಿನ ಇನ್ನೊಂದು ತುದಿ

ಕಳೆದ ಶನಿವಾರ ಸಂಜೆ ನಾನು ಚುನಾವಣೆಗೆ ನಿಂತಿದ್ದೆ. ಯಾವ ಚುನಾವಣೆ, ಯಾವ ವಾರ್ಡು ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ. ನಿಲ್ಲಿಸಿದವರು ಕುಂಬಾರಕೊಪ್ಪಲಿನ ಬಸ್‌ಸ್ಟಾಪಿನ ಜನ.

ಆದದ್ದಿಷ್ಟು. ನಮ್ಮ ಎದುರುಮನೆಯ ಗಿರಿಜಮ್ಮ ಮೇಡಂ ನಿವೃತ್ತ ಫಿಸಿಕ್ಸ್ ಲೆಕ್ಚರರ್. ಅಣು ಹೇಗೆ ಒಡೆಯುತ್ತದೆ ಎಂದು ಪಾಠ ಮಾಡಿದವರು. ಈಗ ದಯವಿಟ್ಟು ಒಡೆದು ಬಾಂಬು ಮಾಡಬೇಡಿ ಎನ್ನುತ್ತಾರೆ. ಪ್ರತಿ ಶನಿವಾರ ಬಸ್‌ಸ್ಟಾಪಿನ ಪಕ್ಕ ಬ್ಯಾನರ್ ಹಿಡಿದು ಒಂದು ಗಂಟೆ ಮೌನವಾಗಿ ನಿಲ್ಲುತ್ತಾರೆ. ಅದರಲ್ಲಿ ಒಂದು ಚಿತ್ರ, ಕೆಳಗೆ ದಪ್ಪಕ್ಷರದ ಬರಹ: ‘ಅಣುಬಾಂಬು ಬೇಡ. ನಮಗೂ ಬೇಡ, ಅವರಿಗೂ ಬೇಡ.’

ಬ್ಯಾನರಿಗೆ ಎರಡು ತುದಿ. ಇನ್ನೊಂದನ್ನು ಹಿಡಿಯುತ್ತಿದ್ದವರು ಅವರ ಗೆಳತಿ, ಮಂಡಿ ಮೊಹಲ್ಲಾದ ಸಫಿಯಾ ಮೇಡಂ. ಅವರಿಗೆ ಮಂಡಿ ಆಪರೇಷನ್ ಆಗಿದೆ. (ಮೊಹಲ್ಲಾಗೂ ಮಂಡಿಗೂ ಸಂಬಂಧವಿಲ್ಲ, ನಗಬೇಡಿ.)

“ಈ ವಾರ ಯಾರೂ ಸಿಗದಿದ್ರೆ ಮಡಚಿ ಅಟ್ಟಕ್ಕೆ ಹಾಕ್ಬಿಡ್ತೀನಿ ಕಣ್ರೀ. ಒಬ್ಬಳೇ ಹೇಗೆ ಹಿಡೀಲಿ?” ಎಂದರು ಮೇಡಂ. ತರಗತಿ ನಡುಗಿಸುತ್ತಿದ್ದ ಆ ದನಿ ಅಷ್ಟು ಸಣ್ಣಗಾಗಿದ್ದು ಕೇಳಿ ನನಗೆ ಸಂಕಟವಾಯಿತು. ಒಪ್ಪಿಬಿಟ್ಟೆ.

“ನೀವಾ? ಶಾಂತಿಗಾ?” ಎಂದಳು ನನ್ನ ಹೆಂಡತಿ. “ಬೆಳಿಗ್ಗೆ ತಾನೇ ಹಾಲಿನವನ ಜೊತೆ ಕುಸ್ತಿ ಆಡಿದ್ರಿ!” (ಅವನು ನೀರು ಬೆರೆಸಿದ್ದು ನಿಜ. ಅದು ಬೇರೆ ವಿಷಯ.)

ಮೇಡಂ ರೂಲ್ಸು ಹೇಳಿಕೊಟ್ಟರು. ಘೋಷಣೆ ಕೂಗಬಾರದು. ವಾದ ಮಾಡಬಾರದು. ಯಾರು ಏನೇ ಅಂದರೂ ನಕ್ಕು ಕೈ ಮುಗಿಯಬೇಕು. ಬ್ಯಾನರಿನ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಮುಗಿಯುವುದಿದೆಯಲ್ಲ, ಅದೂ ಒಂದು ವಿದ್ಯೆ. ಜೊತೆಗೆ ನಾನು ನನ್ನದೂ ಒಂದು ಸೇರಿಸಿದೆ. ಶಾಂತಿ ಎಂದಮೇಲೆ ಬಿಳಿ ಇರಲಿ ಎಂದು ಗರಿಗರಿ ಬಿಳಿ ಪಂಚೆ, ಬಿಳಿ ಶರ್ಟು ಹಾಕಿದೆ.

ಬಿಳಿ ಪಂಚೆ, ಮುಗಿದ ಕೈ, ಕಾರಣವಿಲ್ಲದ ನಗು. ಹೀಗೆ ರಸ್ತೆಯಲ್ಲಿ ನಿಂತವನನ್ನು ನಮ್ಮೂರಲ್ಲಿ ಏನೆಂದುಕೊಳ್ಳುತ್ತಾರೆ, ನೀವೇ ಹೇಳಿ?

ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಹತ್ತಿರ ಬಂದರು. “ಯಾವ ಪಾರ್ಟಿ ಕಣಣ್ಣಾ?”

ಕೈ ಮುಗಿದೆ.

“ಬಾಂಬು ಬೇಡ ಅಂತೆ. ಯಾರ್ ಬೇಕು ಅಂದ್ರು? ಮೊದ್ಲು ಮೋರಿ ಮಾಡ್ಸಿ. ಗೆದ್ಮೇಲೆ ಈ ಕಡೆ ತಲೆ ಆಕಕಿಲ್ಲ ನೀವು.”

ನಕ್ಕು ಕೈ ಮುಗಿದೆ.

“ನಗ್ತಾನೆ ನೋಡು, ನಾಚ್ಕೆ ಇಲ್ದೋನು!”

ಕನ್ನಡಕದ ಹಿರಿಯರೊಬ್ಬರು ಬ್ಯಾನರಿನ ಚಿತ್ರವನ್ನು ದಿಟ್ಟಿಸಿ, “ಗುರುತು ಹೂಕೋಸಾ?” ಎಂದರು. ಅದು ಹೂಕೋಸಲ್ಲ. ಬಾಂಬು ಸಿಡಿದಾಗ ಮುಗಿಲಿಗೇರುವ ಹೊಗೆ. ಆದರೆ ವಾದ ಮಾಡುವ ಹಾಗಿಲ್ಲವಲ್ಲ! ಮತ್ತೆ ಕೈ ಮುಗಿದೆ. “ಪಕ್ಷೇತರ, ಪಾಪ. ಠೇವಣಿ ಉಳಿಯಲ್ಲ,” ಎನ್ನುತ್ತಾ ಹೋದರು.

ಅಷ್ಟರಲ್ಲಿ ಸ್ಕೂಟರಿನವನೊಬ್ಬ ಬ್ರೇಕ್ ಹಾಕಿದ. ಅವನು ಬರಹವನ್ನು ಓದಿದ್ದ, ಆದರೆ ಅರ್ಧ ಮಾತ್ರ. “ಅವ್ರು ಬಾಂಬು ಇಟ್ಕೊಂಡು ಕೂತಿರುವಾಗ ನಮ್ದನ್ನ ಬಿಸಾಕ್ಬೇಕೇನ್ರೀ? ಬುದ್ಧಿ ಇದೆಯಾ?” ಅವರಿಗೂ ಬೇಡ ಎಂದೇ ಬರೆದಿದೆ. ಆದರೂ ತಡೆದುಕೊಂಡೆ. ಕೈ ಮುಗಿದೆ. ಅವನು ಗಾಡಿ ಸ್ಟಾರ್ಟ್ ಮಾಡುತ್ತಾ, “ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರು, ಹೋಗು ತಾತ,” ಎಂದ.

ದೇಶದ್ರೋಹಿ ಎಂದಿದ್ದರೂ ಸಹಿಸುತ್ತಿದ್ದೆ. ತಾತ?

ಕೋಲು ಬಿಸಾಕಿದೆ. ಹೋಗಿ ಸ್ಕೂಟರಿನ ಹ್ಯಾಂಡಲ್ ಹಿಡಿದೆ. “ಯಾರೋ ತಾತ? ಇಳಿಯೋ ಕೆಳಗೆ!”

ಹಿಂದೆ ಬ್ಯಾನರ್ ಧೂಳಿಗೆ ಬಿತ್ತು. ಮೇಡಂ ತಮ್ಮ ತುದಿ ಬಿಡದೆ, ನೆಲದಲ್ಲಿ ಬಿದ್ದ ಬಟ್ಟೆಯನ್ನೇ ನೋಡುತ್ತಾ ನಿಂತರು. ಆಗ ಆ ಮೋರಿಯ ಹೆಂಗಸು ಬಂದು ಕೋಲು ಎತ್ತಿಕೊಂಡರು. ಸೆರಗಿನಿಂದ ಧೂಳು ಕೊಡವಿದರು.

“ನೀವ್ ಜಗಳ ಮುಗಿಸ್ಕಂಡು ಬನ್ನಿ, ಅಲ್ಲೀಗಂಟ ನಾನು ಇಡ್ಕಂಡಿರ್ತೀನಿ,” ಎಂದು ನನಗೆ ಹೇಳಿ, ಮೇಡಂ ಕಡೆ ತಿರುಗಿದರು. “ಅಕ್ಕಾ, ನಿಮ್ಗಾದ್ರೆ ಓಟು ಆಕ್ತೀನಿ. ಈ ಯಪ್ಪಂಗೆ ಆಕಕಿಲ್ಲ.”

ಬಸ್‌ಸ್ಟಾಪಿಗೆ ಬಸ್‌ಸ್ಟಾಪೇ ನಕ್ಕಿತು. ಸ್ಕೂಟರಿನವನೂ ನಕ್ಕು ಹೊರಟುಹೋದ. ನಗದೆ ಉಳಿದವನು ನಾನೊಬ್ಬನೇ.

ಗಂಟೆ ಮುಗಿದ ಮೇಲೆ ಮೇಡಂ ಆಕೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಆಕೆಯ ಹೆಸರು ಮಾದೇವಮ್ಮ. “ಅಯ್ಯೋ, ಒಂದು ಬಿದ್ರೆ ಊರೇ ಇರಾಕಿಲ್ವಾ? ಮೊದ್ಲೇ ಏಳ್ಬಾರ್ದಾ! ಇನ್ಮೇಲೆ ಶನಿವಾರ ನಂಗೆ ಇದೇ ಶಿಫ್ಟು, ಬಸ್ಸಿಗೆ ಸುಮ್ನೆ ತಾನೇ ನಿಂತಿರ್ತೀನಿ. ಇಡ್ಕಂಡೇ ನಿಂತ್ಕತೀನಿ ಬುಡಿ.” ಬ್ಯಾನರ್ ಅಟ್ಟ ಹತ್ತುವುದು ತಪ್ಪಿತು. ನನ್ನ ಕೆಲಸ ಹೋಯಿತು.

ವಾಪಸ್ ಬರುವಾಗ ನಾಚಿಕೆಯಿಂದ ಹೇಳಿದೆ: “ಸಾರಿ ಮೇಡಂ. ಒಂದು ಕ್ಷಣ ತಲೆ ಕೆಟ್ಟುಹೋಯ್ತು.”

“ಅದಕ್ಕೇ ಕಣ್ರೀ ನಾನು ಅಲ್ಲಿ ನಿಲ್ಲೋದು,” ಎಂದರು ಗಿರಿಜಮ್ಮ. “ಬಾಂಬಿನ ಬಟನ್ ಪಕ್ಕ ಕೂತಿರೋರನ್ನ ಯಾರಾದ್ರೂ ತಾತ ಅಂದ್ಬಿಟ್ರೆ?”