ಐವತ್ತೈದು ಎಂದದ್ದಕ್ಕೆ ಮುರಿದ ಬೆರಳು

ಶಿವಮೊಗ್ಗದ ಕಾಲೇಜಿನಲ್ಲಿ ಮೊದಲ ದಿನವೇ ಲ್ಯಾಬಿನ ಮೇಷ್ಟ್ರಿಂದ ಕಪಾಳಕ್ಕೆ ಬಿತ್ತು. ಚಪ್ಪಲಿ ಮೆಟ್ಟಿಕೊಂಡೇ ಕಂಪ್ಯೂಟರ್ ಲ್ಯಾಬಿಗೆ ನುಗ್ಗಿದ್ದೆ. ನಮ್ಮ ವಿಜಾಪುರದ ಕಡೆ ಚಪ್ಪಲಿ ಬಿಡುವುದು ಗುಡಿಯ ಮುಂದೆ. ಇಲ್ಲಿ ಯಂತ್ರದ ಮುಂದೆಯೂ ಬಿಡಬೇಕೆಂದು ನನಗೇನು ಕನಸು ಬಿದ್ದಿತ್ತೇ? ತೊಂಬತ್ತರ ದಶಕದ ಕೊನೆಯ ಮಾತಿದು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸನ್ನೇ ಓದುತ್ತೇನೆಂದು ಹಟ ಹಿಡಿದು ಅಷ್ಟು ದೂರ ಹೋಗಿದ್ದೆ.

ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಾರ ನನ್ನದೇ ಕ್ಲಾಸಿನ ಮಂಜ, ಭದ್ರಾವತಿಯ ಕಾರ್ಖಾನೆ ನೌಕರನ ಮಗ. ರೊಟ್ಟಿಯಿಲ್ಲದೆ ಮೂರು ಹೊತ್ತೂ ಅನ್ನ ತಿಂದರೂ ನನಗೆ ಹೊಟ್ಟೆ ತುಂಬುತ್ತಿರಲಿಲ್ಲ. ಅವನು ಮಾತಿಗೊಮ್ಮೆ ‘ಮಾರಾಯ’ ಎನ್ನುತ್ತಿದ್ದ. ಅದು ಬೈಗುಳವಲ್ಲ, ಸಲುಗೆ ಎಂದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು.

ಲ್ಯಾಬಿನಲ್ಲಿ ಮೂವರಿಗೊಂದು ಕಂಪ್ಯೂಟರ್. ಪ್ರೋಗ್ರಾಂ ಬರೆದು, ಪರದೆಯ ಮೇಲೆ ಬಂದ ಉತ್ತರವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಬೇಕು. ಯಾರೂ ಪರದೆ ನೋಡುತ್ತಿರಲಿಲ್ಲ. ಸೀನಿಯರುಗಳ ಹಳೇ ರೆಕಾರ್ಡು ಕೈಯಿಂದ ಕೈಗೆ ಬರುತ್ತಿತ್ತು, ಅದನ್ನೇ ನಕಲು ಹೊಡೆಯುವುದು. ಒಂದರಿಂದ ಹತ್ತರವರೆಗೆ ಕೂಡಿಸುವ ಪ್ರೋಗ್ರಾಮಿಗೆ ಅದರಲ್ಲಿ ಉತ್ತರ ನಲವತ್ತೈದು. ನನ್ನ ಪರದೆ ಐವತ್ತೈದು ಎಂದಿತು. ಬಾಯಿ ಮುಚ್ಚಿಕೊಂಡಿರಬಾರದೇ? ನನ್ನ ನಾಲಿಗೆಗೆ ಆಗಲೂ ಲಗಾಮಿಲ್ಲ.

“ಸರ, ಎಲ್ಲಾರದೂ ತಪ್ಪೈತ್ರಿ!”

ವರ್ಷಗಟ್ಟಲೆ ಅದಕ್ಕೇ ಸಹಿ ಹಾಕಿದ್ದ ಮೇಷ್ಟ್ರ ಮುಖ ಕೆಂಪಾಯಿತು. ಅರವತ್ತು ರೆಕಾರ್ಡುಗಳನ್ನು ಪರಪರ ಹರಿದರು, ನನ್ನದನ್ನೂ ಸೇರಿಸಿ. ಹತ್ತು ದಿನದಲ್ಲಿ ಹೊಸದಾಗಿ ಬರೆದು ತರದಿದ್ದರೆ ಸಹಿಯಿಲ್ಲ, ಸಹಿಯಿಲ್ಲದಿದ್ದರೆ ಪರೀಕ್ಷೆಯಿಲ್ಲ.

ಸಂಜೆ ಸೈಕಲ್ ಸ್ಟ್ಯಾಂಡಿನ ಹಿಂದೆ, ರೆಕಾರ್ಡು ಹರಿಸಿಕೊಂಡವರಲ್ಲಿ ಏಳು ಜನ ಹಿಡಿದರು. ಮೊದಲ ಗುದ್ದು ಮಂಜನದೇ. ಬಿದ್ದವನ ಬೆನ್ನಿಗೆ ಒದ್ದರು, ಸೈಕಲ್ ಚೈನಿನಿಂದ ಬಾರಿಸಿದರು. ಮುಖಕ್ಕೆ ಅಡ್ಡ ಹಿಡಿದ ಬಲಗೈಯನ್ನು ಮಂಜ ಬೂಟುಗಾಲಿನಲ್ಲಿ ತುಳಿದ. ಲಟಕ್ಕೆಂದಿತು. ಎರಡು ಬೆರಳು ಮುರಿದಿದ್ದವು. ನೋವಿಗಿಂತ ಮೊದಲು ನನಗೆ ನೆನಪಾದದ್ದು ರೆಕಾರ್ಡು. ಇನ್ನು ಯಾವ ಕೈಯಲ್ಲಿ ಬರೆಯಲಿ? ಪರೀಕ್ಷೆ ಹೋಯಿತೆಂದು ನೆಲದ ಮೇಲೆ ಬಿದ್ದುಕೊಂಡೇ ಗೊಳೋ ಎಂದು ಅತ್ತೆ.

ಉಳಿದವರು ಓಡಿದರು. ಮಂಜ ಮಾತ್ರ ನಿಂತ. ಅವನೇ ನನ್ನನ್ನು ಬಸ್ಸು ಹತ್ತಿಸಿ ಭದ್ರಾವತಿಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿದ. ಮನೆಯಲ್ಲಿ ಅವನಮ್ಮ ವಿಷಯ ಕೇಳಿ ಸೌಟಿನಿಂದಲೇ ಬಾರಿಸತೊಡಗಿದರು.

“ಓದೋಕೆ ಬಂದ ಹುಡುಗನ ಕೈ ಮುರಿದ್ಯಲ್ಲೋ, ನಿಂಗೇನ್ ದೊಡ್ರೋಗ ಬಂದಿತ್ತು!”

ಪಕ್ಕದ ಕ್ವಾರ್ಟರ್ಸಿನ ತಮಿಳು ಹೆಂಗಸರು ಓಡಿಬಂದು ಬಿಡಿಸಿದರು. ಅವನ ಹುಬ್ಬು ಒಡೆದು ರಕ್ತ ಸುರಿಯುತ್ತಿತ್ತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

ಹತ್ತು ದಿನ ನನ್ನನ್ನು ಅಲ್ಲೇ ಉಳಿಸಿಕೊಂಡು ಅವನು ತನ್ನ ರೆಕಾರ್ಡನ್ನೂ ನನ್ನದನ್ನೂ ಬರೆದ.

“ಮುರ್ದಿದ್ದು ನಾನು, ಬರೀತೀನಿ. ಸುಮ್ನೆ ಕೂತು ಹೇಳು ಮಾರಾಯ,” ಎಂದು ಸಿಡುಕುತ್ತಿದ್ದ.

ಅವನಮ್ಮ ಅನ್ನ ಕಲಸಿ ನನ್ನ ಬಾಯಿಗಿಡುತ್ತಿದ್ದರು. ಎರಡು ಪುಸ್ತಕದಲ್ಲೂ ಒಂದೇ ಅಕ್ಷರ ಕಂಡು ಮೇಷ್ಟ್ರು ನನ್ನ ಪ್ಲಾಸ್ಟರಿನತ್ತ ನೋಡಿದರು. ಎರಡಕ್ಕೂ ಸಹಿ ಹಾಕಿದರು. ಪ್ರಾಯೋಗಿಕ ಪರೀಕ್ಷೆಯಲ್ಲಿ ಎಡಗೈಯಿಂದ ಒಂದೊಂದೇ ಕೀ ಒತ್ತಿ ಪಾಸಾದೆ.

ರಜೆಗೆ ಊರಿಗೆ ಹೋದಾಗ ಸೊಟ್ಟಗೆ ಕೂಡಿದ ಬೆರಳು ನೋಡಿ ಅಣ್ಣ ಮೂಲೆಯಲ್ಲಿದ್ದ ಬಡಿಗೆ ಎತ್ತಿಕೊಂಡ.

“ಯಾವನವ? ಹೆಸರ ಹೇಳ. ಇವತ್ತ ಹೋಗಿ ಕೈಕಾಲು ಮುರಿದು ಬರ್ತೀನಿ.”

ಅವನು ಹೇಳಿದಂತೆ ಮಾಡುವವನೇ. ಹೆಸರು ಗಂಟಲಿಗೆ ಬಂದಿತ್ತು, ನುಂಗಿದೆ.

“ಬಿಡೋ ಯಣ್ಣಾ, ಯಾರೂ ಅಲ್ಲ. ನಮ್ಮ ಹುಡುಗ್ರ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

“ಅವರು ನಿಮ್ಮವರಾದ್ರ, ನಾವ್ ಯಾರೋ ತಮ್ಮಾ?”