ತಪ್ಪು ಕೋಲಿನದು

ಬೆಳಿಗ್ಗೆ ಏಳು ಗಂಟೆ. ಮ್ಯಾವಿಸ್ ಹ್ಯಾಲಮ್ ಪಾತ್ರೆ ತೊಳೆಯುವ ಬೋಗುಣಿಗೆ ಬಿಸಿನೀರು ತುಂಬಿಸಿ, ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಅದ್ದಿಕೊಂಡು ನಿಂತಿದ್ದರು. ಹೀಗೆ ಹತ್ತು ನಿಮಿಷ ನಿಂತರೆ ಬಿಗಿದ ಬೆರಳುಗಳು ಸಡಿಲವಾಗುತ್ತವೆ. ಆಮೇಲೆ ಹಾಲಿನ ಬಾಟಲಿಯ ಮುಚ್ಚಳ ತೆಗೆಯಬಹುದು, ಚಹಾ ಮಾಡಬಹುದು. ಅವತ್ತು ಆರನೇ ನಿಮಿಷಕ್ಕೇ ಬಾಗಿಲ ಸೀಳಿನಿಂದ ಒಂದು ಕಾಗದ ಒಳಗೆ ಬಿತ್ತು. ಗಾಳದ ಕ್ಲಬ್ಬಿನ ಕಾರ್ಯದರ್ಶಿ ಟ್ರೆವರ್ ಬೆಸ್ವಿಕ್ ನಾಯಿ ತಿರುಗಾಡಿಸಲು ಹೊರಟಾಗ ಕ್ಲಬ್ಬಿನ ಪತ್ರಗಳನ್ನು ತಾವೇ ಮನೆಮನೆಗೆ ಹಾಕಿ ಹೋಗುತ್ತಾರೆ. ಮ್ಯಾವಿಸ್ ಒದ್ದೆ ಕೈಯಲ್ಲೇ ಅದನ್ನು ಬಿಡಿಸಿ ಓದಿದರು.

ಸೆಪ್ಟೆಂಬರ್ ಕೊನೆಯ ಭಾನುವಾರ ಟ್ರೆಂಟ್ ನದಿಯಲ್ಲಿ ವರ್ಷದ ದೊಡ್ಡ ಸ್ಪರ್ಧೆ. ದಂಡೆಯ ಉದ್ದಕ್ಕೂ ನಲವತ್ತು ಗೂಟ, ಗೂಟಕ್ಕೊಬ್ಬರು, ಹತ್ತರಿಂದ ಮೂರರವರೆಗೆ ಐದು ಗಂಟೆ. ಕೊನೆಗೆ ಯಾರು ಗಾಳದಲ್ಲಿ ಹಿಡಿದು ಬಲೆಚೀಲದಲ್ಲಿಟ್ಟ ಮೀನು ಹೆಚ್ಚು ತೂಗುತ್ತದೋ ಅವರು ಗೆದ್ದಂತೆ. ಪತ್ರದ ಕೊನೆಯಲ್ಲಿ ಒಂದು ಸಾಲು ಹೊಸದಾಗಿತ್ತು: ‘ಮೊದಲೇ ಕೊಟ್ಟ ಜಾಗ: ಒಂದನೇ ಗೂಟ, ಶ್ರೀಮತಿ ಹ್ಯಾಲಮ್.’

ಲಾಂಗ್ ಈಟನ್ ಊರಿನ ಈ ಕ್ಲಬ್ಬಿನಲ್ಲಿ ಯಾರಿಗೂ ಜಾಗ ಕೊಡುವ ಪದ್ಧತಿ ಇಲ್ಲ. ಕ್ಯಾನ್ವಾಸಿನ ಹಳೆಯ ಚೀಲವೊಂದರಲ್ಲಿ ನಲವತ್ತು ಹಿತ್ತಾಳೆ ಬಿಲ್ಲೆಗಳಿರುತ್ತವೆ. ಪ್ರತಿಯೊಬ್ಬರೂ ಕೈ ಹಾಕಿ ಒಂದನ್ನು ತೆಗೆಯುತ್ತಾರೆ. ಬಂದ ಸಂಖ್ಯೆ ಅವರ ಪಾಲು. ಕೆಟ್ಟ ಜಾಗ ಬಂದರೆ ಬೈದುಕೊಳ್ಳುತ್ತಾ ಹೋಗಿ ಕೂರುತ್ತಾರೆ. ಮ್ಯಾವಿಸ್ ನಲವತ್ತೊಂದು ವರ್ಷದಿಂದ ಈ ಚೀಲಕ್ಕೆ ಕೈ ಹಾಕುತ್ತಾ ಬಂದಿದ್ದಾರೆ. ಮೊದಲ ವರ್ಷ ಹೆಂಗಸರಿಗೆ ಪ್ರವೇಶವಿಲ್ಲ ಎಂದವರ ಎದುರಿಗೇ ಕೈ ಹಾಕಿದ್ದರು.

ಕೈ ಕೆಟ್ಟದ್ದು ಕಾಲುಚೀಲದ ಕಾರ್ಖಾನೆಯಲ್ಲಿ. ಕಾಲುಚೀಲದ ಬೆರಳ ತುದಿಯನ್ನು ಕುಣಿಕೆ ಕುಣಿಕೆಯಾಗಿ ಸೂಜಿಗೆ ಏರಿಸಿ ಮುಚ್ಚುವುದು ಅವರ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ಈಗ ಎಪ್ಪತ್ತೆರಡು. ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ ಗಟ್ಟಿಯಾಗಿ ಕೂತಿದೆ, ಗಿಣ್ಣುಗಳು ಬಟಾಣಿ ಕಾಳಿನಂತೆ ಉಬ್ಬಿವೆ.

ಅರ್ಧ ಗಂಟೆಯೊಳಗೆ ಅವರು ಟ್ರೆವರ್ ಮನೆಯ ಗೇಟಿನ ಮುಂದಿದ್ದರು. ಟ್ರೆವರ್ ಕೆಟ್ಟ ಮೊಣಕಾಲನ್ನು ಮುಂದೆ ಚಾಚಿ ಮೆಟ್ಟಿಲ ಮೇಲೆ ಕೂತು ನಾಯಿಯ ಪಾದ ಒರೆಸುತ್ತಿದ್ದರು.

“ಟ್ರೆವರ್, ಏನಿದು?”

“ಖುಷಿ ಆಯ್ತಾ? ಕಾರಿಂದ ಇಳಿದ್ರೆ ಗೂಟ. ಚಪ್ಪಟೆ ಹಲಗೆ ಹಾಕಿಸಿದೀವಿ. ಕಾಲಿಗೂ ಕೆಲಸ ಇಲ್ಲ, ಕೈಗೂ ಕೆಲಸ ಇಲ್ಲ.”

“ಮೀನಿಗೂ ಕೆಲಸ ಇಲ್ಲ. ಅಲ್ಲಿ ನೀರೇ ಹರಿಯಲ್ಲ. ಹನ್ನೊಂದು ವರ್ಷದಲ್ಲಿ ಆ ಗೂಟದಲ್ಲಿ ಯಾರಾದ್ರೂ ಗೆದ್ದಿದ್ದು ಹೇಳು ನೋಡೋಣ.”

“ಗೆಲ್ಲೋದೇ ಮುಖ್ಯಾನಾ? ಬಿಸಿಲಲ್ಲಿ ಕೂತು ಚಹಾ ಕುಡಿ.”

“ಚಹಾ ಮನೇಲೂ ಇದೆ. ಆ ಬಿಲ್ಲೆ ಚೀಲಕ್ಕೆ ವಾಪಸ್ ಹಾಕು, ಎಲ್ಲರ ಹಾಗೆ ನಾನೂ ಕೈ ಹಾಕ್ತೀನಿ.”

ಟ್ರೆವರ್ ನಾಯಿಯ ಪಾದ ಬಿಟ್ಟರು. “ಮ್ಯಾವಿಸ್, ಆಗಸ್ಟಲ್ಲಿ ಏನಾಯ್ತು ಮರೆತ್ಯಾ? ಮೂರನೇ ಗಂಟೇಲಿ ಗಾಳದ ಕೋಲು ನೀರಿಗೆ ಬಿಟ್ಟೆ. ಸೊಂಟದ ತನಕ ಇಳಿದು ತಂದಿದ್ದು ನಾನು. ಬಿದ್ದಿದ್ದು ಕೋಲು, ಮುಂದಿನ ಸಲ ನೀನೇ ಬೀಳ್ತೀಯ. ಕೈ ಹೋಗಿದೆ ಕಣೆ. ಅದರಲ್ಲೇನು ನಾಚಿಕೆ?”

“ಕೈ ಹೋಗಿಲ್ಲ. ತಪ್ಪು ಕೋಲಿನದು.”

“ಎಲ್ಲರೂ ಹೀಗೇ ಹೇಳೋದು.”

ಕೊನೆಗೆ ಟ್ರೆವರ್ ಒಂದು ಷರತ್ತು ಹಾಕಿದರು. ಮುಂದಿನ ಗುರುವಾರ, ಹರಿಯುವ ನೀರಿನಲ್ಲಿ, ಹತ್ತರಿಂದ ಮೂರು. ಕೋಲು ಕೈಯಲ್ಲೇ ಇರಬೇಕು. ನೆಲಕ್ಕೆ ನೆಟ್ಟ ಕವೆಗೋಲಿಗೆ ಆನಿಸಿದರೆ ಮುಗಿಯಿತು. ಟ್ರೆವರ್ ಹಿಂದೆ ಕೂತು ನೋಡುತ್ತಾರೆ.

“ಐದು ಗಂಟೆ ಹಿಡಿದ್ರೆ ಬಿಲ್ಲೆ ಚೀಲಕ್ಕೆ. ಇಲ್ಲಾಂದ್ರೆ ಒಂದನೇ ಗೂಟ, ಬಾಯಿ ಮುಚ್ಕೊಂಡು.”

“ಬಾಯಿ ಮುಚ್ಚೋ ಮಾತು ಕೊಡಕ್ಕಾಗಲ್ಲ,” ಎಂದರು ಮ್ಯಾವಿಸ್. “ಉಳಿದಿದ್ದಕ್ಕೆ ಒಪ್ಪಿದೆ.”

ಹರಿಯುವ ನೀರಿನಲ್ಲಿ ಬೆಂಡಿನ ಗಾಳ ಹಾಕುವವರು ಕೋಲನ್ನು ಕೆಳಗಿಡುವಂತಿಲ್ಲ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಪ್ರವಾಹದೊಂದಿಗೆ ಇಪ್ಪತ್ತು ಮಾರು ಸಾಗುತ್ತದೆ. ಅಷ್ಟು ಹೊತ್ತೂ ದಾರವನ್ನು ನೀರಿಗೆ ತಾಗದಂತೆ ಎತ್ತಿ ಹಿಡಿದಿರಬೇಕು, ಸುತ್ತಿಕೊಂಡು ಮತ್ತೆ ಬಿಡಬೇಕು. ಮ್ಯಾವಿಸ್‌ಗೆ ಮೀನು ಹಿಡಿಯುವುದು ಎಂದರೆ ಇದೇ. ಕೋಲನ್ನು ಕವೆಯ ಮೇಲಿಟ್ಟು ಕಾಯುವವರನ್ನು ಅವರು ಬಸ್ಸಿಗೆ ಕಾಯುವವರು ಎಂದು ಕರೆಯುತ್ತಾರೆ.

ಆಗಸ್ಟಿನಲ್ಲಿ ನೀರಿಗೆ ಬಿದ್ದ ಕೋಲನ್ನು ಅವರು ಜೂನ್ ತಿಂಗಳಲ್ಲಿ ಕೊಂಡಿದ್ದರು. ಹೆಬ್ಬೆರಳು ನೋಯಲು ಶುರುವಾದ ಮೇಲೆ ಹಳೆಯ ಹದಿನಾಲ್ಕು ಅಡಿಯದನ್ನು ಕೊಟ್ಟುಬಿಟ್ಟು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಹಗುರದ್ದನ್ನು ಆರಿಸಿದ್ದರು. ಇಲ್ಲಿಯವರು ಕೋಲು ಕೊಳ್ಳುವ ರೀತಿ ಒಂದೇ. ಸಾಲಿನಿಂದ ಒಂದನ್ನು ತೆಗೆದು, ದಾರ ಸುತ್ತುವ ರೀಲು ಸಿಕ್ಕಿಸದೆ ಬರಿಗೋಲನ್ನೇ ಎರಡು ಸಲ ಝಾಡಿಸಿ, ಒಂದು ಕಣ್ಣು ಮುಚ್ಚಿ ತುದಿಯವರೆಗೆ ನೋಡಿ, “ಗಾಳಿ ಇದ್ದ ಹಾಗಿದೆ” ಎನ್ನುವುದು. ಅರ್ಧ ನಿಮಿಷದ ಕೆಲಸ. ಐದು ಗಂಟೆ ಹಿಡಿಯಬೇಕಾದ ವಸ್ತುವನ್ನು ಅರ್ಧ ನಿಮಿಷ ಝಾಡಿಸಿ ಕೊಳ್ಳುತ್ತಾರೆ. ಮ್ಯಾವಿಸ್ ಕೂಡ ಹಾಗೇ ಕೊಂಡಿದ್ದರು.

ಎಲ್ಲಿ ತಪ್ಪಿತು ಎಂಬುದು ಅವರಿಗೆ ಹೊಳೆದದ್ದು ಟ್ರೆವರ್ ಷರತ್ತು ಹಾಕಿದ ದಿನವೇ ಮಧ್ಯಾಹ್ನ, ಆಲೂಗಡ್ಡೆ ಸಿಪ್ಪೆ ತೆಗೆಯುವಾಗ. ಕೈಗೆ ವ್ಯಾಯಾಮ ಹೇಳಿಕೊಡುವ ಆಸ್ಪತ್ರೆಯ ಹುಡುಗಿ ಒಂದು ಸಿಪ್ಪೆ ಚಾಕು ಕೊಟ್ಟಿದ್ದಳು. ಅದರ ಹಿಡಿ ಬಾಳೆಹಣ್ಣಿನಷ್ಟು ದಪ್ಪ. ಅಂಗಡಿಯ ಸಾಮಾನ್ಯ ಚಾಕುವಿಗಿಂತ ಎರಡು ಪಟ್ಟು ಭಾರ. ಅದರಲ್ಲಿ ಮ್ಯಾವಿಸ್ ಒಂದು ಪಾತ್ರೆ ಆಲೂಗಡ್ಡೆ ಮುಗಿಸಿದರು, ಹೆಬ್ಬೆರಳು ದೂರಲಿಲ್ಲ. ಮೂಲೆಯಲ್ಲಿದ್ದ ಹಗುರ ಕೋಲನ್ನು ತಂದು ಪಕ್ಕದಲ್ಲಿಟ್ಟು ನೋಡಿದರು. ಅದರ ಹಿಡಿ ಅವರ ಕಿರುಬೆರಳಿಗಿಂತ ಸ್ವಲ್ಪವೇ ದಪ್ಪ. ಸಣ್ಣ ಹಿಡಿಯನ್ನು ಬಿಗಿಯಾಗಿ ಅದುಮಬೇಕು. ಮೂರು ಗಂಟೆ ಅದುಮಿದ ಕೈ ತಾನಾಗಿ ಬಿಟ್ಟುಕೊಟ್ಟಿತ್ತು.

ಮರುದಿನ ಅವರು ನೈಜಲ್ ಟರ್ಟನ್‌ನ ಗಾಳದ ಅಂಗಡಿಗೆ ಹೋದಾಗ ಕೈಗಾಡಿಯಲ್ಲಿ ಕೂರುವ ಪೆಟ್ಟಿಗೆ, ತಮ್ಮ ರೀಲು, ಫ್ಲಾಸ್ಕ್ ಮತ್ತು ಮೊಟ್ಟೆ ಬೇಯಿಸುವಾಗ ಇಟ್ಟುಕೊಳ್ಳುವ ಅಲಾರಾಂ ಇದ್ದವು. ಗಾಳಕ್ಕೆ ಸಿಕ್ಕಿಸುವ ಹುಳುಗಳ ಫ್ರಿಜ್ಜಿಗೂ ಕೊಡೆಗಳ ಸಾಲಿಗೂ ನಡುವೆ ಪೆಟ್ಟಿಗೆ ಇಟ್ಟು ಕೂತರು.

“ಬಾಗಿಲು ತೆಗೆದಿಡು ನೈಜಲ್. ಕೋಲು ಒಳಗೆ ಹಿಡಿಸಲ್ಲ.”

“ಏನ್ ಮಾಡ್ತಿದೀರಾ?”

“ಮೀನು ಹಿಡೀತಿದೀನಿ. ಒಂದೊಂದಕ್ಕೂ ಇಪ್ಪತ್ತು ನಿಮಿಷ. ಮೊದಲನೇದು ಕೊಡು.”

“ಇಪ್ಪತ್ತು ನಿಮಿಷ ಯಾರು ಹಿಡಿದು ನೋಡ್ತಾರೆ? ಝಾಡಿಸಿದ್ರೆ ಗೊತ್ತಾಗಲ್ವಾ?”

“ಜೂನಲ್ಲಿ ಝಾಡಿಸಿದೆ. ನಿನಗೆ ಗೊತ್ತಾಯ್ತಾ, ನನಗೆ ಗೊತ್ತಾಯ್ತಾ?”

ನೈಜಲ್ ತಲೆ ಕೆರೆದುಕೊಂಡು ಒಂದನ್ನು ತಂದ. ಹದಿಮೂರು ಅಡಿ. ತುದಿ ಬಾಗಿಲಾಚೆ ಹೋಗಿ ಪಾದಚಾರಿಗಳ ಎದೆಯ ಮಟ್ಟದಲ್ಲಿ ನಿಂತಿತು. ತರಕಾರಿ ಚೀಲ ಹಿಡಿದವರೊಬ್ಬರು ಬಗ್ಗಿ ದಾಟಿ, ಒಳಗೆ ಇಣುಕಿ, “ಏನಾದ್ರೂ ಸಿಕ್ತಾ?” ಎಂದು ಕೇಳಿ ಹೋದರು. ಎಂಟನೇ ನಿಮಿಷಕ್ಕೆ ಹೆಬ್ಬೆರಳ ಬುಡ ಉರಿಯತೊಡಗಿತು. ಎರಡನೆಯದಕ್ಕೆ ದಪ್ಪ ಹಿಡಿ ಇತ್ತು, ಆದರೆ ಭಾರವೆಲ್ಲ ತುದಿಯಲ್ಲಿ. ಹನ್ನೊಂದು ನಿಮಿಷಕ್ಕೆ ಮಣಿಕಟ್ಟು ಸೋತಿತು. ಮೂರನೆಯದು ಹತ್ತು ಅಡಿಯದು. ಅಲಾರಾಂ ಹೊಡೆದರೂ ಕೈಗೆ ಏನೂ ಆಗಿರಲಿಲ್ಲ.

“ನೋಡಿ, ಇದೇ,” ಎಂದ ನೈಜಲ್.

“ಇದು ಕೆರೆಗೆ. ಟ್ರೆಂಟಲ್ಲಿ ಇದರಿಂದ ದಾರ ಎತ್ತಿ ಹಿಡಿಯೋಕೆ ನಾನು ನೀರೊಳಗೆ ನಿಂತ್ಕೋಬೇಕು.”

“ನಿಮ್ಮ ಕೈಗೆ ಆಗೋದು ಬೇಕಾ, ನದಿಗೆ ಆಗೋದು ಬೇಕಾ?”

“ಎರಡೂ ಬೇಕು. ಆ ಪೀಪಾಯಿಯೊಳಗಿರೋದು ಏನು?”

ಪೀಪಾಯಿಯಲ್ಲಿದ್ದವು ಹಳೆಯ ಕೋಲುಗಳು. ಮ್ಯಾವಿಸ್ ತೋರಿಸಿದ್ದು ಹನ್ನೆರಡು ಅಡಿಯದು. ಉದ್ದನೆಯ ಕಾರ್ಕಿನ ಹಿಡಿ, ಅದರ ಮೇಲೆ ಸಡಿಲವಾಗಿ ಜಾರುವ ಎರಡು ಲೋಹದ ಉಂಗುರ. ಹೊಸ ಕೋಲುಗಳಲ್ಲಿ ರೀಲಿನ ಜಾಗ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ತಿರುಪಿನಿಂದ ಬಿಗಿಯಬೇಕು. ಇದರಲ್ಲಿ ಉಂಗುರ ಜಾರಿಸಿ ಬೇಕಾದಲ್ಲಿ ರೀಲು ಕೂರಿಸಬಹುದು.

“ಅದು ಭಾರ. ನೀವು ಜೂನಲ್ಲಿ ಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು. ನಿಮಗಾಗಲ್ಲ.”

“ನನಗಾಗಲ್ಲ ಅಂತ ಈ ವಾರ ಹೇಳಿದವರಲ್ಲಿ ನೀನು ಎರಡನೆಯವನು. ರೀಲು ಕೂರಿಸು.”

ರೀಲು ಮಾಮೂಲಿ ಜಾಗದಲ್ಲಿದ್ದಾಗ ತುದಿ ಕೆಳಗೆ ತೂಗಿತು. ಮ್ಯಾವಿಸ್ ಅದನ್ನು ಎರಡು ಬೆರಳಗಲ ಮೇಲಕ್ಕೆ ಸರಿಸಲು ಹೇಳಿದರು, ಮತ್ತೆ ಎರಡು ಬೆರಳಗಲ. ಹಿಡಿಯ ಹಿಂಬದಿ ಈಗ ಮುಂಗೈಯ ಕೆಳಗೆ ಮೊಣಕೈವರೆಗೆ ಒರಗಿತು. ಅವರು ನಿಧಾನವಾಗಿ ಬೆರಳುಗಳನ್ನು ಬಿಡಿಸಿದರು. ಕೋಲು ತೆರೆದ ಅಂಗೈ ಮೇಲೆ ಹಾಗೇ ನಿಂತಿತ್ತು.

ಅಲಾರಾಂ ಹೊಡೆಯಿತು. ಮ್ಯಾವಿಸ್ ಏಳಲಿಲ್ಲ, ಇನ್ನೊಮ್ಮೆ ಇಪ್ಪತ್ತು ನಿಮಿಷಕ್ಕೆ ತಿರುಗಿಸಿದರು. ಎದ್ದಾಗ ನೈಜಲ್ ರೀಲು ಜಾರದಂತೆ ಉಂಗುರಗಳ ಮೇಲೆ ಎರಡು ಸುತ್ತು ಟೇಪು ಸುತ್ತಿಕೊಟ್ಟ.

ಮನೆಗೆ ಬಂದು ಅವರು ಹಿಡಿಗೆ ನೀರಿನ ಕೊಳವೆಗೆ ಹೊದಿಸುವ ಸ್ಪಂಜಿನ ಕವಚ ಹಾಕಿ, ಅದರ ಮೇಲೆ ಸೈಕಲ್ಲಿನ ಹ್ಯಾಂಡಲಿಗೆ ಸುತ್ತುವ ಪಟ್ಟಿ ಸುತ್ತಿದರು. ಹಿಡಿ ಸಿಪ್ಪೆ ಚಾಕುವಿನದಷ್ಟೇ ದಪ್ಪವಾಯಿತು. ನೋಡಲು ಚೆನ್ನಾಗಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ಟ್ರೆವರ್ ಮಡಚುವ ಕುರ್ಚಿ, ಹಂದಿಮಾಂಸದ ಕಡುಬು ಮತ್ತು ವರ್ತಮಾನಪತ್ರಿಕೆಯೊಂದಿಗೆ ನದಿಯ ದಂಡೆಗೆ ಬಂದರು. ಕೋಲು ನೋಡಿ ನಕ್ಕರು.

“ಇದೇನು, ಕಾಲು ಮುರಿದವನಿಗೆ ಕಟ್ಟು ಹಾಕಿದ ಹಾಗಿದೆ.”

“ನಿನ್ನ ಮೊಣಕಾಲಿಗೂ ಒಂದು ಮಾಡಿಕೊಡ್ಲಾ?”

ಮ್ಯಾವಿಸ್ ಬೆಂಡನ್ನು ಕೈ ಕೆಳಗಿನಿಂದ ತೂಗಿ ನೀರಿಗೆ ಬಿಟ್ಟರು. ಅದು ಕೆಂಪು ತುದಿ ತೋರಿಸುತ್ತಾ ಸಾಗಿತು. ಸುತ್ತಿಕೊಂಡರು, ಮತ್ತೆ ಬಿಟ್ಟರು. ಒಂದು ಗಂಟೆಯಲ್ಲಿ ಸಣ್ಣ ರೋಚ್ ಮೀನುಗಳು ಒಂಬತ್ತು ಸಿಕ್ಕವು. ಕೊಕ್ಕೆಗಳನ್ನೆಲ್ಲ ಹಿಂದಿನ ದಿನ ಮಧ್ಯಾಹ್ನವೇ, ಬೆರಳು ಬಿಸಿಯಾಗಿದ್ದಾಗ, ದಾರಕ್ಕೆ ಕಟ್ಟಿ ತಂದಿದ್ದರು. ಮಧ್ಯಾಹ್ನ ಒಂದು ಹೊಡೆದಾಗ ಟ್ರೆವರ್ ಪತ್ರಿಕೆ ಮಡಚಿದರು. ಆಗಸ್ಟಿನಲ್ಲಿ ಕೋಲು ಬಿದ್ದದ್ದು ಇಷ್ಟು ಹೊತ್ತಿಗೇ.

“ನೋಯ್ತಿದ್ಯಾ?”

“ನೋಯ್ತಿದೆ.”

“ಮತ್ತೆ?”

“ಮತ್ತೆ ಏನು? ನೋವಿಲ್ಲ ಅಂತ ನಾನು ಯಾವಾಗ ಹೇಳಿದೆ? ಮನೇಲಿ ಕೂತ್ರೂ ನೋಯುತ್ತೆ. ಕೋಲು ಕೈಯಲ್ಲಿದ್ಯೋ ಇಲ್ವೋ, ಅದು ನೋಡು.”

ಎರಡು ಗಂಟೆಯ ಸುಮಾರಿಗೆ ಬೆಂಡು ಒಮ್ಮೆಲೇ ಮುಳುಗಿತು. ಕೋಲು ಅರ್ಧಚಂದ್ರವಾಯಿತು. ಚಬ್ ಎಂಬ ಜಾತಿಯ ದಪ್ಪತಲೆಯ ಮೀನು, ದಂಡೆಯ ಮರದ ಬೇರುಗಳ ಕಡೆಗೆ ಎಳೆಯುತ್ತಿತ್ತು. ಟ್ರೆವರ್ ಕುರ್ಚಿಯಿಂದ ಅರ್ಧ ಎದ್ದರು.

“ಕೊಡು, ನಾನು ಹಿಡೀತೀನಿ!”

“ಮುಟ್ಟಿದ್ರೆ ನಿನ್ನನ್ನ ನೀರಿಗೆ ಹಾಕ್ತೀನಿ.”

ಅವರು ಹಿಡಿಯ ಹಿಂಬದಿಯನ್ನು ಮುಂಗೈಗೆ ಒತ್ತಿಕೊಂಡು ಸೊಂಟವನ್ನೇ ತಿರುಗಿಸಿದರು. ಬೆರಳುಗಳ ಕೆಲಸ ತೋಳು ಮಾಡಿತು. ನಾಲ್ಕು ನಿಮಿಷದ ನಂತರ ಮೀನು ಬಲೆಯಲ್ಲಿತ್ತು. ಟ್ರೆವರ್ ಇನ್ನೂ ಅರ್ಧ ಎದ್ದ ಭಂಗಿಯಲ್ಲೇ ಇದ್ದರು. ಮೊಣಕಾಲು ಹಿಡಿದುಕೊಂಡಿತ್ತು.

“ಮ್ಯಾವಿಸ್, ನನಗೆ ಸಾಕಾಯ್ತು. ಹೋಗೋಣ. ಒಪ್ಪಿದೆ.”

“ಎಲ್ಲಿಗೆ? ಇನ್ನೂ ಐವತ್ತು ನಿಮಿಷ ಇದೆ. ಕೂತ್ಕೋ.”

ಮೂರು ಗಂಟೆಯವರೆಗೆ ಇಬ್ಬರೂ ಕೂತರು.

ಸ್ಪರ್ಧೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ಪಬ್ಬಿನ ಹಿಂದಿನ ಅಂಗಳದಲ್ಲಿ ನಲವತ್ತು ಜನ ಸೇರಿದ್ದರು. ತಮ್ಮ ಕೈಯಲ್ಲಿದ್ದ ಪತ್ರದ ಕೊನೆಯ ಸಾಲಿಗೆ ಟ್ರೆವರ್ ಪೆನ್ನಿನಲ್ಲಿ ಗೀಟು ಹಾಕಿದ್ದರು. ಒಂದನೇ ಗೂಟದ ಬಿಲ್ಲೆಯನ್ನೂ ಎಲ್ಲರೆದುರು ಚೀಲಕ್ಕೆ ಹಾಕಿ ಕುಲುಕಿದರು. ತಮ್ಮ ಸರದಿ ಬಂದಾಗ ಮ್ಯಾವಿಸ್ ಕೈ ಹಾಕಿದರು. ಬಿಲ್ಲೆ ಸಣ್ಣದು, ಬೆರಳುಗಳಿಗೆ ಹಿಡಿತ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿದ್ದವರು ಕಾದರು, ಯಾರೂ ನೆರವಿಗೆ ಬರಲಿಲ್ಲ. ಅವರು ಬಿಲ್ಲೆ ತೆಗೆದು ಟ್ರೆವರ್‌ಗೆ ತೋರಿಸಿದರು.

“ಮೂವತ್ತೊಂದು,” ಟ್ರೆವರ್ ಬರೆದುಕೊಂಡರು. “ಮುಕ್ಕಾಲು ಮೈಲಿ ಕಣೆ. ಎರಡು ಬೇಲಿ ದಾಟಬೇಕು. ನಿನಗೆ ಬೇಕಾದ್ರೆ...”

“ಬೇಡ.”

ಮ್ಯಾವಿಸ್ ಕೈಗಾಡಿ ಎಳೆದುಕೊಂಡು ಹೊರಟಾಗ ಎಂಟೂ ಇಪ್ಪತ್ತು. ಮೂವತ್ತೊಂದನೇ ಗೂಟದ ಮುಂದೆ ನೀರು ಚೆನ್ನಾಗಿ ಹರಿಯುತ್ತದೆ. ಹತ್ತಕ್ಕೆ ಶುರುವಿನ ಸೀಟಿ ಊದುತ್ತಾರೆ.